ಮೊದಲ ಹತ್ತು ಮೀಟರ್

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆಯಿಂದ ಟಿಟಿ (ಟೆಂಪೊ ಟ್ರಾವೆಲರ್) ಮಾಡಿಕೊಂಡು ಮುರುಡೇಶ್ವರಕ್ಕೆ ಹೋಗುತ್ತಿದ್ದವರು ಹಿಂದೆಲ್ಲ 123 ಅಡಿಯ ಶಿವನನ್ನೂ ಇಪ್ಪತ್ತು ಅಂತಸ್ತಿನ ರಾಜಗೋಪುರವನ್ನೂ ನೋಡಿ, ಅಲೆಗೆ ಕಾಲೊಡ್ಡಿ ವಾಪಸಾಗುತ್ತಿದ್ದರು. ಈಗ ಆ ಪಟ್ಟಿಗೆ ನೇತ್ರಾಣಿಯೂ ಸೇರಿದೆ. ಮುರುಡೇಶ್ವರದ ತೀರದಿಂದ ಸುಮಾರು 19 ಕಿಲೋಮೀಟರ್ ಒಳಗಿರುವ, ಭಟ್ಕಳ ತಾಲ್ಲೂಕಿನ ಈ ಪುಟ್ಟ ದ್ವೀಪದ ಸುತ್ತ ಅಕ್ಟೋಬರಿನಿಂದ ಮೇವರೆಗೆ ಸ್ಕೂಬಾ ಡೈವಿಂಗ್ ನಡೆಯುತ್ತದೆ. ಮಳೆಗಾಲದಲ್ಲಿ ಬಂದ್. ಅಮೋಘವರ್ಷ ನಿರ್ದೇಶಿಸಿದ ‘ಗಂಧದ ಗುಡಿ’ 2022ರ ಅಕ್ಟೋಬರಿನಲ್ಲಿ ತೆರೆಕಂಡಿತು. ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿನೊಳಗೆ ಇಳಿದದ್ದನ್ನು ಅದರಲ್ಲಿ ನೋಡಿದ ಮೇಲೆ, ಕಡಲನ್ನೇ ಕಾಣದ ಊರುಗಳ ಹುಡುಗರಿಗೂ ಒಮ್ಮೆ ಇಳಿದು ಬರಬೇಕೆಂಬ ಆಸೆ ಹುಟ್ಟಿದೆ. ಆಸೆ ಒಳ್ಳೆಯದೇ. ಆದರೆ ಅದರ ಬೆನ್ನಿಗೇ ಬರುವ ಜಾಹೀರಾತಿನ ಮಾತೊಂದಿದೆ: ‘ಈಜು ಬರದಿದ್ದರೂ ಪರವಾಗಿಲ್ಲ, ಹತ್ತು ನಿಮಿಷದಲ್ಲಿ ಎಲ್ಲ ಹೇಳಿಕೊಡುತ್ತೇವೆ.’ ನನ್ನ ತಕರಾರು ಇರುವುದು ಈ ಮಾತಿನ ಬಗ್ಗೆ. ಅದು ಪೂರಾ ಸುಳ್ಳೂ ಅಲ್ಲ, ಪೂರಾ ನಿಜವೂ ಅಲ್ಲ. ಸ್ಕೂಬಾದಲ್ಲಿ ಹೊಸಬರಿಗೆ ಇರುವ ಅಪಾಯದ ಬಹುಪಾಲು ಕಡಲ ಆಳದಲ್ಲಿಲ್ಲ, ಮೊದಲ ಹತ್ತು ಮೀಟರಿನಲ್ಲಿದೆ. ಆ ಹತ್ತು ಮೀಟರಿಗೆ ಬೇಕಾದ ತಯಾರಿಯನ್ನು ದೋಣಿಯ ಮೇಲೆ ಮಾಡಿಕೊಳ್ಳಲಾಗುವುದಿಲ್ಲ, ಮನೆಯಿಂದ ಹೊರಡುವ ಮೊದಲೇ ಮಾಡಿಕೊಂಡಿರಬೇಕು.

ನೀರು ಎಂದರೆ ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಗೆ ಏನು ಎಂಬುದನ್ನು ಮೊದಲು ನೋಡೋಣ. ನಂದಿಯ ಸೀಮೆಯಲ್ಲಿ ಹುಟ್ಟುವ ಉತ್ತರ ಪಿನಾಕಿನಿ ಗೌರಿಬಿದನೂರಿನ ಮೇಲೇ ಹಾದು ಆಂಧ್ರಕ್ಕೆ ಹೋಗುತ್ತದೆ, ಆದರೆ ವರ್ಷದ ಬಹುಕಾಲ ಅದರ ಪಾತ್ರದಲ್ಲಿ ಕಾಣುವುದು ಮರಳು, ಜಾಲಿ. ಕೊಳವೆಬಾವಿಗಳು ಸಾವಿರ ಅಡಿ ದಾಟಿ ವರ್ಷಗಳಾದವು. ಬೆಂಗಳೂರಿನ ಹೆಬ್ಬಾಳ–ನಾಗವಾರದ ಕೊಳಚೆ ನೀರನ್ನು ಸಂಸ್ಕರಿಸಿ ತಂದು ನಮ್ಮ ಕೆರೆಗಳನ್ನು ತುಂಬಿಸುವ ಸ್ಥಿತಿ ಬಂದಿದೆ. ಒಂದು ಕಾಲಕ್ಕೆ ತೋಟದ ಬಾವಿಯೇ ಹುಡುಗರ ಈಜುಶಾಲೆ. ಸೊಂಟಕ್ಕೆ ಸೋರೆ ಬುರುಡೆಯನ್ನೋ ಖಾಲಿ ಕ್ಯಾನನ್ನೋ ಕಟ್ಟಿ, ಅಣ್ಣನೋ ಮಾವನೋ ಮೇಲಿಂದ ನೂಕಿಬಿಟ್ಟರೆ ನಾಲ್ಕು ದಿನದಲ್ಲಿ ಕೈಕಾಲು ಬಡಿಯಲು ಬರುತ್ತಿತ್ತು. ಆ ಬಾವಿಗಳು ಬತ್ತಿದವು, ಕೆಲವನ್ನು ಕಸ ಹಾಕಿ ಮುಚ್ಚಿದ್ದೂ ಆಯಿತು. ಹೀಗಾಗಿ ಇಂದು ಇಪ್ಪತ್ತರ ಹರೆಯದ ಎಷ್ಟೋ ಮಂದಿಗೆ ಕುತ್ತಿಗೆಯ ಮಟ್ಟದ ನೀರಿನಲ್ಲಿ ನಿಂತ ಅಭ್ಯಾಸವೂ ಇಲ್ಲ. ಅಂಥವರು ರಾತ್ರಿಯಿಡೀ ಬಸ್ಸಿನಲ್ಲಿ ಕೂತು, ಬೆಳಗ್ಗೆ ಎದ್ದು, ನೇರ ಅರಬ್ಬಿ ಸಮುದ್ರಕ್ಕೆ ಹಾರುವುದನ್ನು ‘ಆರಂಭ’ ಎಂದು ಕರೆಯುವುದು ನನಗೆ ಒಪ್ಪಿಗೆಯಾಗದು.

ಕಡಲಿನ ಅಪಾಯ ಎಂದಾಗ ನಮ್ಮವರ ಕಣ್ಣಿಗೆ ಕಟ್ಟುವುದು ಶಾರ್ಕು, ಕತ್ತಲು, ಪಾತಾಳ. ವಾಸ್ತವ ಬೇರೆ. 2024ರ ಡಿಸೆಂಬರಿನಲ್ಲಿ ಪಕ್ಕದ ಕೋಲಾರ ಜಿಲ್ಲೆಯ ಮುಳಬಾಗಿಲು ತಾಲ್ಲೂಕಿನ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರುಡೇಶ್ವರದ ತೀರದಲ್ಲೇ ಅಲೆಗೆ ಸಿಕ್ಕಿ ತೀರಿಕೊಂಡರು. ಅವರು ಸ್ಕೂಬಾಗೆ ಹೋದವರಲ್ಲ, ದಡದಲ್ಲಿ ಆಟವಾಡುತ್ತಿದ್ದ ಮಕ್ಕಳು. ನಮ್ಮಂಥದೇ ಒಣ ಸೀಮೆಯ ಮಕ್ಕಳು ಎಂಬುದನ್ನು ಮರೆಯಬಾರದು. ಮೇಲಿನ ನೀರು ಸಲೀಸು, ಕೆಳಗಿನದು ಕಷ್ಟ ಎಂಬ ನಮ್ಮ ಅಂದಾಜು ತಲೆಕೆಳಗು ಎನ್ನುವುದಕ್ಕೆ ಇದಕ್ಕಿಂತ ಕಠಿಣವಾದ ಸಾಕ್ಷಿ ಬೇಡ.

ಸ್ಕೂಬಾದಲ್ಲೂ ಲೆಕ್ಕ ಹಾಗೆಯೇ. ಕಡಲಮಟ್ಟದಲ್ಲಿ ನಮ್ಮ ಮೇಲಿರುವುದು ಒಂದು ವಾತಾವರಣದಷ್ಟು ಒತ್ತಡ. ಹತ್ತು ಮೀಟರ್ ಇಳಿದರೆ ಅದು ಎರಡರಷ್ಟಾಗುತ್ತದೆ, ಇಪ್ಪತ್ತಕ್ಕೆ ಮೂರರಷ್ಟು, ಮೂವತ್ತಕ್ಕೆ ನಾಲ್ಕರಷ್ಟು. ಮೇಲ್ನೋಟಕ್ಕೆ ಆಳಕ್ಕೆ ಹೋದಷ್ಟೂ ಕಷ್ಟ ಎನಿಸುತ್ತದೆ. ಆದರೆ ಗಾಳಿಯ ಗಾತ್ರದ ಕಡೆಯಿಂದ ನೋಡಿ: ಮೇಲಿನಿಂದ ಹತ್ತು ಮೀಟರಿಗೆ ಇಳಿಯುವಾಗ ಅದು ಅರ್ಧಕ್ಕೆ ಇಳಿಯುತ್ತದೆ. ಇಪ್ಪತ್ತರಿಂದ ಮೂವತ್ತಕ್ಕೆ ಹೋಗುವಾಗ ಕುಗ್ಗುವುದು ಕಾಲುಭಾಗ ಮಾತ್ರ. ಕಿವಿ, ಸೈನಸ್, ಶ್ವಾಸಕೋಶ, ಮುಖಕ್ಕೆ ಹಾಕಿದ ಮಾಸ್ಕ್, ಹೀಗೆ ಗಾಳಿ ಇರುವ ಕಡೆಯೆಲ್ಲ ಅತಿ ದೊಡ್ಡ ಏರುಪೇರು ಆಗುವುದು ಮೊದಲ ಹತ್ತು ಮೀಟರಿನಲ್ಲಿ. ‘ನಾವು ಆಳಕ್ಕೆ ಕರೆದುಕೊಂಡು ಹೋಗುವುದಿಲ್ಲ, ಆರೇಳು ಮೀಟರ್ ಅಷ್ಟೆ’ ಎಂದು ಧೈರ್ಯ ಹೇಳುವವರು ತಿಳಿಯದೆಯೇ ಇಡೀ ಪಾಠದ ಕಠಿಣ ಭಾಗವನ್ನು ಹೆಸರಿಸುತ್ತಿರುತ್ತಾರೆ.

ಇದನ್ನು ಘಟ್ಟದ ದಾರಿಯಲ್ಲೇ ಅಳೆಯಬಹುದು. ಬೆಂಗಳೂರು ಕಡಲಮಟ್ಟದಿಂದ ಸುಮಾರು 920 ಮೀಟರ್ ಮೇಲಿದೆ, ಗೌರಿಬಿದನೂರು ಸುಮಾರು 700. ಬಸ್ಸು ಶಿವಮೊಗ್ಗ, ಸಾಗರ ದಾಟಿ ಗೇರುಸೊಪ್ಪೆಯ ತಿರುವುಗಳಲ್ಲಿ ಹೊನ್ನಾವರಕ್ಕೆ ಇಳಿಯುವಾಗ ಕಿವಿ ಗುಂಯ್‌ಗುಡುತ್ತದೆ, ಎಂಜಲು ನುಂಗಿದರೆ ಟಕ್ಕೆಂದು ಬಿಡುತ್ತದೆ. ಬೆಂಗಳೂರಿನಿಂದ ಹೊನ್ನಾವರದವರೆಗಿನ ಇಡೀ ಇಳಿತದಲ್ಲಿ ಹೆಚ್ಚಾಗುವ ಗಾಳಿಯ ಒತ್ತಡ ಹತ್ತಿರಹತ್ತಿರ ಒಂದು ಮೀಟರ್ ನೀರಿನ ಒತ್ತಡಕ್ಕೆ ಸಮ. ಒಂದು ರಾತ್ರಿಯ ಪ್ರಯಾಣ ಕಿವಿಗೆ ಮಾಡುವುದನ್ನು ನೀರು ಒಂದು ಮಾರಿನೊಳಗೆ ಮಾಡಿ ಮುಗಿಸುತ್ತದೆ. ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲಗೆ ಊದಿ ಕಿವಿಗೆ ಒಳಗಿನಿಂದ ಗಾಳಿ ಕೊಡಬೇಕು. ನೋವು ಬರುವ ಮೊದಲೇ, ಪ್ರತಿ ಮೀಟರಿಗೂ ಕೊಡಬೇಕು. ನೋವನ್ನು ಹಲ್ಲು ಕಚ್ಚಿ ತಡೆದುಕೊಂಡು ಎರಡು ಮೂರು ಮೀಟರ್ ಇಳಿದರೆ ಕಿವಿಯ ತಮಟೆ ಹರಿಯುವ ಸಂಭವವಿದೆ. ಹರಿದರೆ ತಣ್ಣೀರು ಒಳಗೆ ನುಗ್ಗಿ ತಲೆ ಗಿರ್ರೆನ್ನುತ್ತದೆ, ಮೇಲೆ ಯಾವುದು ಕೆಳಗೆ ಯಾವುದು ತಿಳಿಯುವುದಿಲ್ಲ. ನೆಗಡಿ ಇದ್ದಾಗ ಇಳಿಯಬಾರದು ಎನ್ನುವುದು ಇದಕ್ಕೇ. ರಾತ್ರಿ ಎಸಿ ಬಸ್ಸಿನಲ್ಲಿ ಬಂದು ಮೂಗು ಕಟ್ಟಿಸಿಕೊಂಡವರು, ಕೊಟ್ಟ ದುಡ್ಡು ಹೋಗುತ್ತದೆಂದು ಔಷಧಿ ನುಂಗಿ ಇಳಿಯುತ್ತಾರೆ. ಕೆಳಗಿದ್ದಾಗಲೇ ಔಷಧಿಯ ಬಲ ಇಳಿದರೆ ಗಾಳಿ ಒಳಗೇ ಸಿಕ್ಕಿಕೊಂಡು, ಮೇಲೆ ಬರುವುದೇ ಯಾತನೆಯಾಗುತ್ತದೆ.

ಎರಡನೆಯದು ಉಸಿರು. ಈಜು ಬಲ್ಲವರು, ಬಾವಿಯಲ್ಲಿ ಮುಳುಗಿ ಬಿಂದಿಗೆ ಎತ್ತಿದವರು ‘ನಮಗೇನು ಹೇಳ್ತೀರಿ’ ಎನ್ನಬಹುದು. ಅವರ ಧೈರ್ಯ ಉಪಯೋಗಕ್ಕೆ ಬರುತ್ತದೆ, ಅವರ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ. ಬಾವಿಯ ಮುಳುಗಿನಲ್ಲಿ ಉಸಿರು ಬಿಗಿಹಿಡಿಯುವುದೇ ವಿದ್ಯೆ. ಮನ್ನಾರ್ ಖಾರಿಯಲ್ಲಿ ಮುತ್ತು ತೆಗೆಯುತ್ತಿದ್ದವರೂ ಅದನ್ನೇ ಮಾಡುತ್ತಿದ್ದರು. ಮೇಲೆ ಎಳೆದುಕೊಂಡ ಗಾಳಿ ಕೆಳಗೆ ಕುಗ್ಗುತ್ತದೆ, ವಾಪಸು ಬರುವಾಗ ಮೊದಲಿನಷ್ಟೇ ಆಗುತ್ತದೆ, ಅದರಿಂದ ಹಾನಿಯಿಲ್ಲ. 1943ರಲ್ಲಿ ಫ್ರಾನ್ಸಿನ ಜಾಕ್ ಕುಸ್ತೋ ಮತ್ತು ಎಮಿಲ್ ಗಾನ್ಯಾನ್ ರೂಪಿಸಿದ ಉಪಕರಣ ಈ ಲೆಕ್ಕವನ್ನೇ ಬದಲಿಸಿತು. ಅದರ ರೆಗ್ಯುಲೇಟರ್ ನಾವಿರುವ ಆಳದ ಒತ್ತಡಕ್ಕೆ ಸರಿಯಾಗಿ ಗಾಳಿ ಕೊಡುತ್ತದೆ. ಹತ್ತು ಮೀಟರಿನಲ್ಲಿ ಎದೆ ತುಂಬ ಎಳೆದುಕೊಂಡ ಗಾಳಿಯನ್ನು ಬಿಗಿಹಿಡಿದು ಮೇಲೆ ಬಂದರೆ ಅದು ಎರಡರಷ್ಟು ಜಾಗ ಕೇಳುತ್ತದೆ, ಶ್ವಾಸಕೋಶದಲ್ಲಿ ಅಷ್ಟು ಜಾಗವಿಲ್ಲ. ತುಂಬಿದ ಎದೆಯಲ್ಲಿ ಉಸಿರು ಕಟ್ಟಿ ಒಂದೂಕಾಲು ಮೀಟರಿನಷ್ಟು ಮೇಲೇರಿದರೂ ಶ್ವಾಸಕೋಶ ಹರಿಯಬಹುದು. ಹರಿದಲ್ಲಿಂದ ಗಾಳಿಯ ಗುಳ್ಳೆ ರಕ್ತಕ್ಕೆ ಸೇರಿ ಮಿದುಳಿಗೆ ಹೋದರೆ ಉಳಿಯುವುದು ಕಷ್ಟ. ಆದ್ದರಿಂದ ಸ್ಕೂಬಾದ ಮೊದಲ ನಿಯಮ: ಉಸಿರಾಡುತ್ತಲೇ ಇರಿ, ಎಂದೂ ಕಟ್ಟಬೇಡಿ. ಹೇಳಲು ಅರ್ಧ ನಿಮಿಷ ಸಾಕು. ಆದರೆ ಹೆದರಿದಾಗ ಉಸಿರು ಕಟ್ಟುವುದು ಮನುಷ್ಯನ ಹುಟ್ಟುಗುಣ, ಅದನ್ನು ಅರ್ಧ ನಿಮಿಷದಲ್ಲಿ ಅಳಿಸಲಾಗದು. ಅಂದ ಹಾಗೆ, ಬೆನ್ನಿಗೆ ಕಟ್ಟುವುದು ಆಕ್ಸಿಜನ್ ಅಲ್ಲ, ಒತ್ತಿ ತುಂಬಿದ ಮಾಮೂಲಿ ಗಾಳಿ. ಶುದ್ಧ ಆಕ್ಸಿಜನ್ ಆರು ಮೀಟರಿನಿಂದ ಕೆಳಗೆ ವಿಷವಾಗುತ್ತದೆ.

‘ಇನ್‌ಸ್ಟ್ರಕ್ಟರ್ ಜೊತೆಗೇ ಇರ್ತಾರಲ್ಲ’ ಎಂಬುದು ಇದಕ್ಕೆ ಬರುವ ಮುಖ್ಯ ಆಕ್ಷೇಪ. ನಿಜ, ಇರುತ್ತಾರೆ. ನೇತ್ರಾಣಿಯಲ್ಲಿ ಮೊದಲ ಸಲ ಇಳಿಯುವವರ ಸಿಲಿಂಡರನ್ನು ಹಿಂದಿನಿಂದ ಹಿಡಿದುಕೊಂಡೇ ಅವರು ಕರೆದೊಯ್ಯುತ್ತಾರೆ. ಎಷ್ಟು ಆಳ ಎಂಬುದನ್ನು ಅವರೇ ನೋಡಿಕೊಳ್ಳುತ್ತಾರೆ, ಗಾಳಿ ಎಷ್ಟು ಉಳಿದಿದೆ ಎಂಬುದನ್ನೂ ಅವರೇ ನೋಡುತ್ತಾರೆ, ಜಾಕೆಟ್ಟಿಗೆ ಗಾಳಿ ತುಂಬುವುದು, ಬಿಡುವುದೂ ಅವರೇ. ಈಜು ಬಾರದವರು ಸಾವಿರಗಟ್ಟಲೆ ಹೀಗೆ ಇಳಿದು ಸುಖವಾಗಿ ಬಂದಿದ್ದಾರೆ ಎಂಬುದನ್ನೂ ಒಪ್ಪಬೇಕು. ಆದರೆ ಎಂಥ ನಿಪುಣನೂ ನಿಮಗಾಗಿ ಮಾಡಲಾಗದ ಕೆಲಸ ಎರಡಿವೆ. ನಿಮ್ಮ ಕಿವಿಗೆ ನೀವೇ ಗಾಳಿ ಕೊಡಬೇಕು, ನಿಮ್ಮ ಉಸಿರನ್ನು ನೀವೇ ಆಡಬೇಕು. ಹೊಸಬರ ದೊಡ್ಡ ಅಪಾಯಗಳು ಬರುವುದೂ ಈ ಎರಡು ಕಡೆಯಿಂದಲೇ. ಗಾಬರಿ ಬಿದ್ದವರು ಮಾಡುವುದು ಎಲ್ಲ ಕಡೆ ಒಂದೇ: ಮಾಸ್ಕ್ ಕಿತ್ತು ಬಿಸಾಡುತ್ತಾರೆ, ಬಾಯಲ್ಲಿದ್ದುದನ್ನು ಉಗಿಯುತ್ತಾರೆ, ಉಸಿರು ಕಟ್ಟಿಕೊಂಡು ಮೇಲಕ್ಕೆ ನುಗ್ಗುತ್ತಾರೆ. ಹಾಗೆ ನುಗ್ಗುವ ಎಪ್ಪತ್ತು ಕಿಲೋದ ದೇಹವನ್ನು ಹಿಡಿದು ನಿಲ್ಲಿಸುವುದು ಜೊತೆಗಿರುವವರಿಗೆ ಯಾವಾಗಲೂ ಸಾಧ್ಯವಾಗುವುದಿಲ್ಲ.

ಗಾಬರಿಗೆ ಮದ್ದು ರೂಢಿ. ಸರಿಯಾದ ಕೋರ್ಸಿನಲ್ಲಿ ಏನು ಮಾಡಿಸುತ್ತಾರೆ ನೋಡಿ. ಈಜುಕೊಳದ ತಳದಲ್ಲಿ ಮಂಡಿಯೂರಿ ಕೂರಿಸುತ್ತಾರೆ. ಮಾಸ್ಕಿನ ಮೇಲಂಚನ್ನು ಸ್ವಲ್ಪ ಎತ್ತಿ ಒಳಗೆ ನೀರು ಬಿಟ್ಟುಕೊಳ್ಳಬೇಕು. ನೀರು ಮೂಗಿನವರೆಗೆ, ಕಣ್ಣಿನವರೆಗೆ ಏರುತ್ತದೆ. ಆಗ ಬಾಯಲ್ಲಿ ಉಸಿರೆಳೆದು, ತಲೆಯನ್ನು ತುಸು ಹಿಂದಕ್ಕೆ ವಾಲಿಸಿ, ಎರಡು ಬೆರಳಿನಿಂದ ಮೇಲಂಚನ್ನು ಹಣೆಗೆ ಒತ್ತಿ, ಮೂಗಿನಿಂದ ಉಸಿರು ಬಿಡಬೇಕು. ನೀರು ಕೆಳಂಚಿನಿಂದ ಹೊರಗೆ ಹೋಗುತ್ತದೆ. ಮೊದಲ ಸಲ ಕೆಮ್ಮು, ಎರಡನೇ ಸಲ ಉರಿ, ಹತ್ತನೇ ಸಲಕ್ಕೆ ಅದೊಂದು ವಿಷಯವೇ ಅಲ್ಲ. ಆಮೇಲೆ ರೆಗ್ಯುಲೇಟರನ್ನು ಬಾಯಿಂದ ತೆಗೆದು ಬಿಟ್ಟುಬಿಡಬೇಕು. ಸಣ್ಣ ಗುಳ್ಳೆಗಳನ್ನು ಬಿಡುತ್ತಲೇ ಬಲಗೈಯನ್ನು ತೊಡೆಯ ಪಕ್ಕದಿಂದ ಹಿಂದಕ್ಕೆ ಬೀಸಿ ಕೊಳವೆಯನ್ನು ಹುಡುಕಿ, ಮತ್ತೆ ಬಾಯಿಗಿಟ್ಟು, ಊದಿ ನೀರು ಹೊರಹಾಕಿ ಉಸಿರಾಡಬೇಕು. ಡೈವಿಂಗ್ ತರಬೇತಿ ಸಂಸ್ಥೆ ಪ್ಯಾಡಿಯ ಓಪನ್ ವಾಟರ್ ಕೋರ್ಸಿಗೆ ಕನಿಷ್ಠ ವಯಸ್ಸು ಹತ್ತು. 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ಕೊಳದ ಪಾಠ ಮುಗಿದ ಮೇಲೆ ಕಡಲಲ್ಲಿ ನಾಲ್ಕು ಇಳಿತ. ಅಷ್ಟಾದರೆ 18 ಮೀಟರ್‌ವರೆಗೆ ಹೋಗುವ ಅರ್ಹತೆ ಸಿಗುತ್ತದೆ. ಒಂದೇ ದಿನದ ‘ಟ್ರೈ ಡೈವ್’ನಲ್ಲಿ ಮಿತಿ 12 ಮೀಟರ್, ಅದರಲ್ಲಿ ಅರ್ಹತೆ ಯಾವುದೂ ಬರುವುದಿಲ್ಲ. ಅದು ರುಚಿ ನೋಡುವುದು, ಕಲಿಕೆಯಲ್ಲ. ಇದನ್ನು ತಿಳಿದು ಹೋದರೆ ತಪ್ಪೇನಿಲ್ಲ.

ಇಲ್ಲಿ ಗೌರಿಬಿದನೂರು ತಾಲ್ಲೂಕಿನ ಅಲೀಪುರದ ಮಾತು ಬರುತ್ತದೆ. ಶಿಯಾ ಮುಸಲ್ಮಾನರು ಹೆಚ್ಚಾಗಿರುವ ಈ ಊರಿನಲ್ಲಿ ಹುಟ್ಟು ಕಿವುಡು ಇರುವವರು ನೂರಕ್ಕೂ ಹೆಚ್ಚು. ಅವರ ನಡುವೆ ತಲೆಮಾರುಗಳಿಂದ ಬೆಳೆದ ಕೈಭಾಷೆಯೊಂದಿದೆ, ಭಾಷಾವಿಜ್ಞಾನಿ ಸಿಬಾಜಿ ಪಾಂಡಾ ಅದರ ಮೇಲೆ ಮಾಡಿದ ಅಧ್ಯಯನ 2012ರಲ್ಲಿ ಪ್ರಕಟವಾಯಿತು. ಕಿವಿ ಕೇಳುವ ಎಷ್ಟೋ ಮಂದಿ ಅಲ್ಲಿ ಕೈಯಲ್ಲೂ ಮಾತಾಡಬಲ್ಲರು. ನೀರಿನೊಳಗೆ ಇದು ಸಣ್ಣ ಸೌಕರ್ಯವಲ್ಲ. ಬಾಯಲ್ಲಿ ರೆಗ್ಯುಲೇಟರ್ ಇರುವುದರಿಂದ ಅಲ್ಲಿ ಎಲ್ಲರೂ ಮೂಕರೇ. ಶಬ್ದ ಗಾಳಿಯಲ್ಲಿಗಿಂತ ನಾಲ್ಕು ಪಟ್ಟು ವೇಗವಾಗಿ ಬರುವುದರಿಂದ ಯಾವ ದಿಕ್ಕಿನಿಂದ ಬಂತೆಂದು ಕಿವಿಗೆ ತಿಳಿಯದು, ದೋಣಿಯ ಎಂಜಿನ್ ಸದ್ದು ನಾಲ್ಕೂ ಕಡೆಯಿಂದ ಬಂದಂತೆ ಕೇಳುತ್ತದೆ. ಇರುವುದು ಕೈಸನ್ನೆ ಮಾತ್ರ. ಹೆಬ್ಬೆರಳು ಮತ್ತು ತೋರುಬೆರಳ ವೃತ್ತವೆಂದರೆ ಎಲ್ಲ ಸರಿ. ಚಾಚಿದ ಅಂಗೈ ಆಚೀಚೆ ವಾಲಾಡಿದರೆ ಏನೋ ಸರಿಯಿಲ್ಲ, ಮತ್ತೆ ಕಿವಿಯ ಕಡೆ ಬೆರಳು ತೋರಿಸಿದರೆ ತೊಂದರೆ ಅಲ್ಲಿದೆ. ಕುತ್ತಿಗೆಗೆ ಅಡ್ಡ ಎಳೆದ ಕೈ ಎಂದರೆ ಗಾಳಿ ಮುಗಿದಿದೆ. ಹೆಬ್ಬೆರಳೆತ್ತಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಫೋಟೋಗೆ ಹೆಬ್ಬೆರಳೆತ್ತಿ ಪೋಸ್ ಕೊಟ್ಟವರನ್ನು ಪಾಪ ಇನ್‌ಸ್ಟ್ರಕ್ಟರ್ ಮೇಲೆ ಕರೆತಂದುಬಿಟ್ಟರೆ ತಪ್ಪು ಅವರದಲ್ಲ! ಹೆದರಿಕೆಯ ನಡುವೆಯೂ ಎದುರಿನವರ ಕೈ ಮತ್ತು ಕಣ್ಣಿನ ಮೇಲೆ ಗಮನವಿಡುವ ಅಭ್ಯಾಸ ಉಳಿದವರಿಗೆ ಹೊಸದಾಗಿ ಬರಬೇಕು, ಅಲೀಪುರದವರಿಗೆ ಅದು ಮನೆಯಲ್ಲೇ ಬಂದಿರುತ್ತದೆ.

ಕಿವಿ ಕೇಳದವರು ಕಡಲಿಗೆ ಇಳಿಯಬಹುದೇ ಎಂಬ ಪ್ರಶ್ನೆಗೆ ಸ್ಕೂಬಾ ಲೋಕ ‘ಹೌದು’ ಎಂದು ಉತ್ತರಿಸಿ ಬಹಳ ಕಾಲವಾಯಿತು. ತಮಟೆ ಸರಿಯಿದ್ದು, ಕಿವಿಯೊಳಗೆ ಗಾಳಿ ಸರಾಗ ಆಡುತ್ತಿದ್ದರೆ ಹುಟ್ಟು ಕಿವುಡೊಂದೇ ಅಡ್ಡಿಯಲ್ಲ. ಕಿವಿಯ ಶಸ್ತ್ರಚಿಕಿತ್ಸೆ ಆದವರು, ಕಾಕ್ಲಿಯರ್ ಇಂಪ್ಲಾಂಟ್ ಇರುವವರು ಮಾತ್ರ ವೈದ್ಯರ ಒಪ್ಪಿಗೆಯಿಲ್ಲದೆ ಇಳಿಯಕೂಡದು. ದೋಣಿಯವರು ಊದುವ ಸೀಟಿ ತಮಗೆ ಕೇಳದು ಎಂಬುದನ್ನೂ ಮೊದಲೇ ಹೇಳಿಡಬೇಕು. ಹೇಳಿಡುವುದರಲ್ಲೇ ನಮ್ಮವರು ಸೋಲುತ್ತಾರೆ. ಇಳಿಯುವ ಮುನ್ನ ತುಂಬಿಸುವ ಆರೋಗ್ಯದ ಫಾರಂನಲ್ಲಿ ಆಸ್ತಮಾ, ಹೃದಯದ ತೊಂದರೆ, ಮೂರ್ಛೆ ರೋಗ, ಬಿಪಿ ಮಾತ್ರೆ, ಗರ್ಭ ಎಲ್ಲವನ್ನೂ ಕೇಳಿರುತ್ತಾರೆ. ಎಲ್ಲದಕ್ಕೂ ‘ಇಲ್ಲ’ ಎಂದು ಗೀಟೆಳೆದು ಸಹಿ ಹಾಕುವುದು ನಮ್ಮ ಪದ್ಧತಿ. ಡೈವಿಂಗ್ ಸಾವುಗಳಲ್ಲಿ ಹೃದಯದ ಕಾಯಿಲೆ ಪ್ರಮುಖ ಕಾರಣಗಳಲ್ಲೊಂದು ಎಂದು ತಿಳಿದರೆ ಆ ಗೀಟು ಅಷ್ಟು ಸಲೀಸಾಗಿ ಬೀಳಲಿಕ್ಕಿಲ್ಲ.

ದೋಣಿಯಲ್ಲಿ ನೇತ್ರಾಣಿಗೆ ಒಂದೂವರೆ ಗಂಟೆಯ ಆಸುಪಾಸು ಹಿಡಿಯುತ್ತದೆ. ಅಭ್ಯಾಸವಿಲ್ಲದ ಹೊಟ್ಟೆ ತೊಳಸಿದರೆ ದಿಗಂತದ ಮೇಲೆ ಕಣ್ಣಿಟ್ಟು ಗಾಳಿಗೆ ಕೂರಬೇಕು. ಮೀನುಗಾರರು ಹರಕೆ ತೀರಿಸುವ ಈ ದ್ವೀಪದ ಬಂಡೆಗಳು ನೀರಿನಿಂದ ನೆಟ್ಟಗೆ ಎದ್ದಿವೆ, ಮೇಲೆ ಬಿಳಿಹೊಟ್ಟೆಯ ಕಡಲ ಹದ್ದು ಸುತ್ತುತ್ತಿರುತ್ತದೆ. ಕೆಳಗೆ ಬಂಡೆಗೆ ಅಂಟಿದ ಹವಳ, ಹವಳ ಕೆರೆಯುವ ಗಿಳಿಮೀನು, ಜೋಡಿಯಾಗಿ ತಿರುಗುವ ಚಿಟ್ಟೆಮೀನು, ಸಂದಿಯಿಂದ ತಲೆ ಹಾಕುವ ಮೋರೆ ಹಾವುಮೀನು. ಕೆಂಪು ಬಣ್ಣವನ್ನು ನೀರು ಬೇಗ ನುಂಗುವುದರಿಂದ ಹತ್ತು ಮೀಟರಿನ ಹೊತ್ತಿಗೆ ಲೋಕವೆಲ್ಲ ನೀಲಿ ಹಸಿರು. ಬಂಡೆಗೆ ತರಚಿದ ಬೆರಳಿನ ರಕ್ತವೂ ಹಸಿರಾಗಿಯೇ ಕಾಣುತ್ತದೆ. ಏನನ್ನೂ ಮುಟ್ಟಬಾರದು, ಒಂದು ಹವಳದ ಕೊಂಬೆ ಬೆಳೆಯಲು ವರ್ಷಗಳು ಬೇಕು. ಇಳಿಯುವ ಮೊದಲು ಕೇಳಬೇಕಾದ ಪ್ರಶ್ನೆಗಳಿಗೆ ಸಂಕೋಚ ಬೇಡ: ಒಬ್ಬ ಇನ್‌ಸ್ಟ್ರಕ್ಟರಿಗೆ ಎಷ್ಟು ಜನ? ದೋಣಿಯಲ್ಲಿ ತುರ್ತಿಗೆ ಆಕ್ಸಿಜನ್ ಇದೆಯೇ, ಎಲ್ಲರಿಗೂ ಲೈಫ್ ಜಾಕೆಟ್ ಇದೆಯೇ? ಎಲ್ಲರೂ ನೀರಿಗಿಳಿದಾಗ ದೋಣಿಯಲ್ಲಿ ಉಳಿಯುವವರು ಯಾರು? ಈ ಪ್ರಶ್ನೆಗಳಿಗೆ ಮುಖ ಸಿಂಡರಿಸುವವರ ಜೊತೆ ಇಳಿಯಬೇಡಿ.

ವಾಪಸಿನ ದಾರಿಗೂ ಲೆಕ್ಕವಿದೆ, ಅದು ನಮ್ಮಂಥ ಘಟ್ಟದ ಮೇಲಿನವರಿಗೆ ವಿಶೇಷವಾಗಿ ಅನ್ವಯಿಸುತ್ತದೆ. ಒತ್ತಡದಲ್ಲಿ ಉಸಿರಾಡಿದಾಗ ಗಾಳಿಯ ನೈಟ್ರೋಜನ್ ರಕ್ತದಲ್ಲಿ, ಮಾಂಸಖಂಡದಲ್ಲಿ ಕರಗಿ ಸೇರುತ್ತದೆ. ನಿಧಾನವಾಗಿ ಮೇಲೆ ಬಂದರೆ ಉಸಿರಿನಲ್ಲಿ ಹೊರಹೋಗುತ್ತದೆ, ಅವಸರ ಮಾಡಿದರೆ ಗುಳ್ಳೆಗಟ್ಟಿ ಕೀಲು, ನರಗಳಲ್ಲಿ ಕೂರುತ್ತದೆ. ಶರೀರವಿಜ್ಞಾನಿ ಜೆ. ಎಸ್. ಹಾಲ್ಡೇನ್ ಮೇಕೆಗಳ ಮೇಲೆ ಪ್ರಯೋಗ ನಡೆಸಿ, ಎಷ್ಟು ನಿಧಾನವಾಗಿ ಮೇಲೇರಬೇಕೆಂಬ ಕೋಷ್ಟಕವನ್ನು 1908ರಲ್ಲಿ ಪ್ರಕಟಿಸಿದ. ಇಂದಿಗೂ ಐದು ಮೀಟರಿನಲ್ಲಿ ಮೂರು ನಿಮಿಷ ನಿಂತು ಮೇಲೆ ಬರುವ ರೂಢಿಯಿದೆ. ನೀರಿನಿಂದ ಬಂದ ಮೇಲೂ ಗಾಳಿಯ ಒತ್ತಡ ಕಡಿಮೆಯಿರುವ ಕಡೆಗೆ ಕೂಡಲೇ ಏರಬಾರದು. ಒಂದೇ ಇಳಿತವಾದರೆ 12 ಗಂಟೆ, ಹಲವು ಇಳಿತಗಳಾದರೆ 18 ಗಂಟೆ ವಿಮಾನ ಹತ್ತಬೇಡಿ ಎಂಬ ಸಲಹೆ ಎಲ್ಲರಿಗೂ ಗೊತ್ತು. ಆ ಸಲಹೆ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆಲ್ಲ ಲಾಗೂ ಆಗುತ್ತದೆ. ಎಂದರೆ ಬೆಂಗಳೂರು, ಚಿಕ್ಕಬಳ್ಳಾಪುರ, ಅಲೀಪುರ ಎಲ್ಲವೂ ಅದರೊಳಗೇ ಬಂದವು. ಬೆಳಗ್ಗೆ ಒಂದು ಸಲ ಆರೇಳು ಮೀಟರ್ ಇಳಿದು, ರಾತ್ರಿ ಬಸ್ಸು ಹತ್ತುವವರಿಗೆ ಗಡಿಯಾರ ಹೆಚ್ಚುಕಮ್ಮಿ ಹೊಂದಿಬರುತ್ತದೆ. ಆದರೆ ಕೋರ್ಸು ಮುಗಿಸಿ, ಎರಡು ದಿನ ನಾಲ್ಕು ಸಲ ಇಳಿದು, ಮಧ್ಯಾಹ್ನ ಊಟವಾದೊಡನೆ ಟಿಟಿ ಹತ್ತಿ ಸಂಜೆಗೆ ಘಟ್ಟದ ಮೇಲಿರುವುದು ಅಪಾಯವನ್ನು ಕರೆದಂತೆ. ಮರಳುವ ದಾರಿಯಲ್ಲಿ 1,478 ಮೀಟರಿನ ನಂದಿ ಬೆಟ್ಟವನ್ನೂ ಮುಗಿಸಿಬಿಡೋಣ ಎನ್ನುವ ಉತ್ಸಾಹಿಗಳು ಪ್ರತಿ ಗುಂಪಿನಲ್ಲೂ ಒಬ್ಬರಿರುತ್ತಾರೆ, ಅವರ ಮಾತು ಕೇಳಬೇಡಿ.

ಇಷ್ಟೆಲ್ಲ ಹೇಳಿದರೆ, ‘ಒಂದು ದಿನದ ಮೋಜಿಗೆ ಇಷ್ಟು ಕಟ್ಟಲೆಯೇ, ಇದೆಲ್ಲ ದುಡ್ಡಿದ್ದವರ ಆಟ’ ಎನ್ನುವವರಿದ್ದಾರೆ. ಕೋರ್ಸಿಗೆ ದುಡ್ಡು ಬೇಕು, ಅದು ಎಲ್ಲರ ಕೈಗೆಟುಕುವುದಿಲ್ಲ ಎಂಬುದು ಸತ್ಯ. ಆದರೆ ತಯಾರಿಯ ಮುಖ್ಯ ಭಾಗಕ್ಕೆ ಹೆಚ್ಚು ಖರ್ಚಿಲ್ಲ. ಬಕೆಟ್ ತುಂಬ ನೀರಿನಲ್ಲಿ ಮುಖವಿಟ್ಟು, ಮಾಸ್ಕಿಲ್ಲದೆ, ಸ್ನಾರ್ಕೆಲ್ ಕೊಳವೆಯಿಂದ ಬಾಯಲ್ಲೇ ಉಸಿರಾಡುವುದನ್ನು ಯಾರಾದರೂ ಪಕ್ಕದಲ್ಲಿದ್ದಾಗ ಮನೆಯಲ್ಲೇ ರೂಢಿ ಮಾಡಿಕೊಳ್ಳಬಹುದು. ಮೂಗಿಗೆ ನೀರು ತಾಗಿದಾಗ ಬೆಚ್ಚದಿರುವುದನ್ನು ಅದು ಕಲಿಸುತ್ತದೆ. ಒಂದು ತಿಂಗಳು ಈಜುಕೊಳಕ್ಕೆ ಹೋದರೆ ತೇಲಲು ಬರುತ್ತದೆ. ಹೆಣ್ಣುಮಕ್ಕಳನ್ನು ಉಡುಪಿನ ನೆಪದಲ್ಲಿ ಮನೆಯಲ್ಲಿ ಬಿಟ್ಟುಹೋಗುವವರಿಗೆ ಒಂದು ಮಾತು: ಸ್ಕೂಬಾದ ಪೂರ್ಣ ವೆಟ್‌ಸೂಟು ಕುತ್ತಿಗೆಯಿಂದ ಕಣಕಾಲಿನವರೆಗೆ ಮೈ ಮುಚ್ಚುತ್ತದೆ, ಗಂಡಸರಿಗೂ ಅದೇ. ಬೇಸಿಗೆ ರಜೆಯಲ್ಲಿ ಈಜಿಗೆ ಸೇರಿ, ಮಳೆಗಾಲದಲ್ಲಿ ಕಿವಿ ಮತ್ತು ಎದೆಯನ್ನು ವೈದ್ಯರಿಗೆ ತೋರಿಸಿಕೊಂಡರೆ, ನವೆಂಬರಿನ ತಿಳಿನೀರಿನ ಹೊತ್ತಿಗೆ ನೇತ್ರಾಣಿಗೆ ಹೊರಡಬಹುದು. ರಜೆ ಮೂರು ದಿನದ್ದಾದರೆ ಎರಡನೆಯ ದಿನ ಬೆಳಗ್ಗೆ ನೀರಿಗಿಳಿಯಿರಿ, ರಾತ್ರಿ ಮುರುಡೇಶ್ವರದಲ್ಲೇ ಮಲಗಿ, ಮೂರನೆಯ ದಿನ ತಿಂಡಿ ತಿಂದು ಘಟ್ಟ ಹತ್ತಿ.